ಕಿರ್ಗಿಸ್ತಾನದಲ್ಲಿ ಹಕ್ಕಿ ನೋಡಬೇಕಾ? ಊರಿನ ಹೆಸರಲ್ಲ, ಎತ್ತರ ನೋಡಿ ಪ್ಲಾನ್ ಮಾಡಿ

"ಕಿರ್ಗಿಸ್ತಾನಕ್ಕೆ ಹೋಗ್ತಿದೀವಿ, ಹಕ್ಕಿ ನೋಡೋಕೆ ಯಾವ ಜಾಗ ಒಳ್ಳೇದು?" ಈ ಪ್ರಶ್ನೆ ಪದೇ ಪದೇ ಬರುತ್ತಿದೆ. ಕೇಳುವವರಲ್ಲಿ ಎರಡು ಬಗೆ. ರಾಜಧಾನಿ ಬಿಷ್ಕೆಕ್‌ನಲ್ಲೋ ದಕ್ಷಿಣದ ಓಶ್ ನಗರದಲ್ಲೋ ಎಂಬಿಬಿಎಸ್ ಓದುತ್ತಿರುವ ನಮ್ಮ ಹುಡುಗ ಹುಡುಗಿಯರು ಮತ್ತು ಅವರನ್ನು ನೋಡಲು ಹೋಗುವ ಅಪ್ಪ ಅಮ್ಮಂದಿರು ಒಂದು ಕಡೆ. ಊರಿನ ಕೆರೆ, ಪಶ್ಚಿಮ ಘಟ್ಟ ಎಲ್ಲ ಸುತ್ತಿ ಮುಗಿಸಿ, ಈಗ ಹಿಮದ ಬೆಟ್ಟದ ಹಕ್ಕಿ ನೋಡಬೇಕು ಅನ್ನುವವರು ಇನ್ನೊಂದು ಕಡೆ. ಇಬ್ಬರೂ ಜಾಗದ ಹೆಸರುಗಳ ಪಟ್ಟಿ ಕೇಳುತ್ತಾರೆ. ಪಟ್ಟಿ ಕೊಡುವುದು ಸುಲಭ. ಆದರೆ ಆ ಪಟ್ಟಿ ಹಿಡಿದು ಇಡೀ ದೇಶ ಓಡಾಡಿದರೆ ದಿನವೆಲ್ಲ ಕಾರಿನಲ್ಲೇ ಕಳೆಯುತ್ತದೆ, ಹಕ್ಕಿ ಕಾಣುವುದು ಕಡಿಮೆ.

ಮೊದಲು ಒಂದು ವಿಷಯ ತಲೆಯಲ್ಲಿ ಕೂರಲಿ. ಕಿರ್ಗಿಸ್ತಾನ ಕರ್ನಾಟಕಕ್ಕಿಂತ ಸ್ವಲ್ಪ ದೊಡ್ಡದು, ಸುಮಾರು 2 ಲಕ್ಷ ಚದರ ಕಿಲೋಮೀಟರ್. ಅದರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಭಾಗ 1,000 ಮೀಟರ್‌ಗಿಂತ ಮೇಲಿದೆ. ತಿಯಾನ್‌ಶಾನ್ ಪರ್ವತಗಳು ದೇಶದ ತುಂಬ ಹರಡಿವೆ. ಇಲ್ಲಿ ಹಕ್ಕಿ ಬದಲಾಗುವುದು ಜಿಲ್ಲೆ ಬದಲಾದಾಗ ಅಲ್ಲ, ಎತ್ತರ ಬದಲಾದಾಗ. 800 ಮೀಟರ್‌ನಲ್ಲಿರುವ ಬಿಷ್ಕೆಕ್‌ನಲ್ಲಿ ಗೊರವಂಕ ನೋಡುತ್ತಾ ತಿಂಡಿ ತಿಂದು ಹೊರಟರೆ ಮಧ್ಯಾಹ್ನದ ಹೊತ್ತಿಗೆ ಗಡ್ಡದ ರಣಹದ್ದಿನ ಕೆಳಗೆ ನಿಂತಿರಬಹುದು, ನಡುವಿನ ದೂರ 40 ಕಿಲೋಮೀಟರ್‌ನಷ್ಟು. ಹಾಗಾಗಿ ನಿಮ್ಮ ಪ್ರವಾಸವನ್ನು ನಾಲ್ಕು ಪದರವಾಗಿ ಯೋಚಿಸಿ: ಕೆಳಗಿನ ಬಯಲು, ಸ್ಪ್ರೂಸ್ ಮರದ ಕಾಡು, ಅದರ ಮೇಲಿನ ಕುರುಚಲು ಮತ್ತು ಹುಲ್ಲುಗಾವಲು, ಕೊನೆಗೆ ಬಂಡೆ ಮತ್ತು ಹಿಮ. ಒಂದೊಂದು ಪದರಕ್ಕೂ ಪುರುಸೊತ್ತಾಗಿ ಸಮಯ ಕೊಡಿ. ಒಂದು ವಾರ ಸಿಕ್ಕರೂ ಸಾಕು.

1. ತಿಂಗಳು ಮೊದಲು, ಟಿಕೆಟ್ ಆಮೇಲೆ

ಮೇ ಕೊನೆಯಿಂದ ಜುಲೈ ಮೊದಲ ವಾರದವರೆಗೆ ಅತ್ಯುತ್ತಮ. ಗಂಡು ಹಕ್ಕಿಗಳು ಮರದ ತುದಿಯಲ್ಲಿ ಕೂತು ಹಾಡುತ್ತವೆ, ಮೈಬಣ್ಣ ಪೂರ್ತಿ ಕಳೆಗಟ್ಟಿರುತ್ತದೆ, ಹುಡುಕುವುದು ಸುಲಭ. ಜೂನ್‌ನಲ್ಲಿ ಬೆಳಗಿನ ಐದೂವರೆಗೆ ಮುಂಚೆಯೇ ಸೂರ್ಯ ಹುಟ್ಟಿ ರಾತ್ರಿ ಎಂಟೂವರೆಯವರೆಗೂ ಬೆಳಕಿರುತ್ತದೆ, ದಿನ ತುಂಬಾ ಉದ್ದ.

ಆಗಸ್ಟ್ ರಜೆಗೆ ಹೋಗುವವರು ಜಾಸ್ತಿ. ಪ್ರವಾಸಕ್ಕೆ ಅದು ಚೆಂದದ ತಿಂಗಳೇ. ಆದರೆ ಹಕ್ಕಿಗಳು ಹಾಡು ನಿಲ್ಲಿಸಿರುತ್ತವೆ, ಗರಿ ಉದುರಿಸುತ್ತಿರುತ್ತವೆ, ಮರಿಗಳ ಮಾಸಲು ಬಣ್ಣ ಸೇರಿ ಗುರುತು ಹಿಡಿಯುವುದು ಕಷ್ಟ. ಆಗಸ್ಟ್ ಬಿಟ್ಟರೆ ಬೇರೆ ದಾರಿಯೇ ಇಲ್ಲ ಅಂದರೆ ಕಾಡಿನ ಸಣ್ಣ ಹಕ್ಕಿಗಳನ್ನು ಬಿಟ್ಟು ಮೇಲಿನ ಪದರಕ್ಕೆ, ಅಂದರೆ ರಣಹದ್ದು, ಹಿಮದಂಚಿನ ಗುಬ್ಬಿಯಂಥ ಸ್ನೋಫಿಂಚ್‌ಗಳ ಕಡೆಗೆ ಗಮನ ಕೊಡಿ.

ಏಪ್ರಿಲ್ ಮತ್ತು ಸೆಪ್ಟೆಂಬರ್ ವಲಸೆಯ ತಿಂಗಳುಗಳು, ಬಯಲು ಮತ್ತು ಕೆರೆದಂಡೆ ಚೆನ್ನಾಗಿರುತ್ತವೆ. ಚಳಿಗಾಲದ್ದು ಬೇರೆಯೇ ಕಥೆ, ಏಳನೇ ಹಂತದಲ್ಲಿ ಹೇಳುತ್ತೇನೆ.

ಎಚ್ಚರಿಕೆ: ಸೋನ್-ಕುಲ್ ಸರೋವರದಂಥ ಎತ್ತರದ ಜಾಗಗಳಿಗೆ ರಸ್ತೆ ತೆರೆಯುವುದು ಮೇ ಕೊನೆ ಅಥವಾ ಜೂನ್‌ಗೆ. ಹಿಮ ಕರಗುವುದನ್ನು ನೋಡಿಕೊಂಡು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಮೇ ಮಧ್ಯದಲ್ಲಿ ಅಲ್ಲಿಗೆ ಬುಕ್ ಮಾಡಬೇಡಿ.

2. ಕಾಗದಪತ್ರ

ಭಾರತೀಯರಿಗೆ ವೀಸಾ ಬೇಕು. ಇ-ವೀಸಾ ವ್ಯವಸ್ಥೆ ಇದೆ. ಅರ್ಜಿ ಹಾಕುವ ಮೊದಲು ಆ ದೇಶದ ಸರ್ಕಾರಿ ಜಾಲತಾಣದಲ್ಲಿ ಆ ಹೊತ್ತಿನ ನಿಯಮ ಓದಿಕೊಳ್ಳಿ, ಆಗಾಗ ಬದಲಾಗುತ್ತದೆ. ಸರ್ಕಾರಿ ತಾಣದ ಹಾಗೇ ಕಾಣುವ ಖಾಸಗಿ ತಾಣಗಳೂ ಇರುತ್ತವೆ, ವಿಳಾಸ ಸರಿಯಾಗಿ ನೋಡಿ.

ಇದಕ್ಕಿಂತ ಹೆಚ್ಚು ಜನ ಮರೆಯುವುದು ಗಡಿ ಪರವಾನಗಿ. ಚೀನಾ ಗಡಿಯ ಪಕ್ಕದ ಪ್ರದೇಶಗಳಿಗೆ ವೀಸಾ ಇದ್ದರೂ ಸಾಲದು, ಪ್ರತ್ಯೇಕ ಅನುಮತಿ ಪತ್ರ ಬೇಕು. 3,530 ಮೀಟರ್ ಎತ್ತರದ ಚಾತಿರ್-ಕುಲ್ ಸರೋವರ, ಇನಿಲ್ಚೆಕ್ ಕಣಿವೆ ಈ ಪಟ್ಟಿಯಲ್ಲಿವೆ. ಸ್ಥಳೀಯ ಟ್ರಾವೆಲ್ ಏಜೆನ್ಸಿ ಮೂಲಕ ಕೆಲವು ವಾರ ಮುಂಚೆಯೇ ಅರ್ಜಿ ಹಾಕಿಸಿ. ಚೆಕ್‌ಪೋಸ್ಟ್‌ನಲ್ಲಿ ಪತ್ರ ಇಲ್ಲ ಅಂದರೆ ವಾಪಸ್ ಕಳಿಸುತ್ತಾರೆ, ಅಲ್ಲಿಯವರೆಗೆ ಹೋದ ದಿನ ವ್ಯರ್ಥ. ಮೊದಲ ಸಲ ಹೋಗುವವರು ಈ ಜಾಗಗಳನ್ನು ಬಿಟ್ಟುಬಿಡಿ ಎಂದೇ ನನ್ನ ಸಲಹೆ. ಅನುಮತಿ ಬೇಡದ ಕಡೆಯೇ ಬೇಕಾದಷ್ಟಿದೆ.

ಪಾಸ್‌ಪೋರ್ಟ್ ಸದಾ ಜೊತೆಗಿರಲಿ. ಗಡಿ ಠಾಣೆ, ಸೈನಿಕರು, ಅಣೆಕಟ್ಟು ಇರುವ ಕಡೆ ದುರ್ಬೀನು, ಕ್ಯಾಮೆರಾ ಎರಡನ್ನೂ ಚೀಲದೊಳಗೆ ಇಟ್ಟುಬಿಡಿ. ಡ್ರೋನ್ ಮನೆಯಲ್ಲೇ ಬಿಟ್ಟು ಹೋಗಿ. ಹಕ್ಕಿಗಳಿಗೂ ಅದು ಹಿಂಸೆ.

3. ಏನೇನು ಒಯ್ಯಬೇಕು

ಊರಿನಲ್ಲಿ ಬಳಸುವ 8×42 ದುರ್ಬೀನು ಸಾಕು. ಮೊದಲ ಅಂಕೆ ಎಷ್ಟು ಪಟ್ಟು ಹತ್ತಿರ ತೋರಿಸುತ್ತದೆ ಅನ್ನುವುದು, ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರ್‌ನಲ್ಲಿ. ಆದರೆ ಇಲ್ಲಿನ ಬೆಟ್ಟಗಳು ಬಹಳ ದೊಡ್ಡವು. ಹಕ್ಕಿ ಎದುರಿನ ಇಳಿಜಾರಿನಲ್ಲಿ, ಒಂದು ಕಿಲೋಮೀಟರ್ ಆಚೆ ಇರುತ್ತದೆ. ನಾಲ್ಕು ಜನರ ಗುಂಪಾದರೆ ಒಂದು ಸ್ಪಾಟಿಂಗ್ ಸ್ಕೋಪ್ ಇರಲಿ, ಅಂದರೆ ಟ್ರೈಪಾಡ್ ಮೇಲೆ ನಿಲ್ಲಿಸುವ ಒಂಟಿ ಕೊಳವೆಯ ದೂರದರ್ಶಕ. ಸರೋವರ ಮತ್ತು ಹಿಮಸಾಲಿನಲ್ಲಿ ಅದಿಲ್ಲದೆ ಅರ್ಧ ಹಕ್ಕಿ ತಪ್ಪಿಹೋಗುತ್ತವೆ.

ಬಟ್ಟೆ ಪದರ ಪದರವಾಗಿರಲಿ. ಜುಲೈನಲ್ಲೂ 3,000 ಮೀಟರ್ ಮೇಲೆ ರಾತ್ರಿ ನೀರು ಹೆಪ್ಪುಗಟ್ಟಬಹುದು, ಅದೇ ದಿನ ಬಿಷ್ಕೆಕ್‌ನಲ್ಲಿ 35 ಡಿಗ್ರಿ ಸೆಕೆ. ಕೈಗವಸು, ಕಿವಿ ಮುಚ್ಚುವ ಟೋಪಿ, ಮಳೆ ಜಾಕೆಟ್ ಬೇಕೇ ಬೇಕು. ಎತ್ತರದಲ್ಲಿ ಬಿಸಿಲು ಚರ್ಮ ಸುಡುತ್ತದೆ, ಸನ್‌ಸ್ಕ್ರೀನ್ ಮರೆಯಬೇಡಿ. ಉದ್ದ ಪ್ಯಾಂಟ್ ಹಾಕಿ, ತುದಿಯನ್ನು ಕಾಲುಚೀಲದೊಳಗೆ ಸೇರಿಸಿ. ವಸಂತ ಮತ್ತು ಬೇಸಗೆಯ ಶುರುವಿನಲ್ಲಿ ಹುಲ್ಲಿನಲ್ಲಿ ರಕ್ತ ಹೀರುವ ಉಣ್ಣಿ ಹುಳುಗಳು (ಟಿಕ್) ಇರುತ್ತವೆ, ಅವು ಮಿದುಳಿನ ಉರಿಯೂತದ ಜ್ವರ ಹರಡಬಲ್ಲವು. ಸಂಜೆ ಮೈಯೆಲ್ಲ ನೋಡಿಕೊಳ್ಳಿ.

ಸಸ್ಯಾಹಾರಿಗಳೇ, ಊಟದ ವಿಷಯ ಹಗುರವಾಗಿ ತಗೋಬೇಡಿ. ನಗರದಲ್ಲಿ ಹೇಗೋ ಆಗುತ್ತದೆ. ಬೆಟ್ಟದ ಮೇಲೆ ಕುರಿ ಮಾಂಸ, ಕುದುರೆ ಹಾಲು, ಬ್ರೆಡ್, ಕೆನೆ, ಜಾಮ್, ಚಹಾ, ಇಷ್ಟೇ. ಅವಲಕ್ಕಿ, ಚಟ್ನಿಪುಡಿ, ಬಿಸಿನೀರು ಹಾಕಿದರೆ ಆಗುವ ಉಪ್ಪಿಟ್ಟಿನ ಪೊಟ್ಟಣ ಇರಲಿ.

ಫೋನಿನಲ್ಲಿ ಕಂಡ ಹಕ್ಕಿಗಳ ಪಟ್ಟಿ ಮಾಡುವ ಇಬರ್ಡ್ ಆಪ್ ಮತ್ತು ಹಕ್ಕಿ ಗುರುತಿಸಲು ನೆರವಾಗುವ ಮರ್ಲಿನ್ ಆಪ್ ಎರಡನ್ನೂ, ಆ ಪ್ರದೇಶದ ಪ್ಯಾಕ್ ಸಮೇತ, ಊರಿನಲ್ಲೇ ಇಳಿಸಿಕೊಳ್ಳಿ. ಬೆಟ್ಟದಲ್ಲಿ ನೆಟ್‌ವರ್ಕ್ ಇರುವುದಿಲ್ಲ. ನಕ್ಷೆಯೂ ಆಫ್‌ಲೈನ್ ಇರಲಿ. ಹಕ್ಕಿಗಳ ವೈಜ್ಞಾನಿಕ ಹೆಸರಿನ ಪಟ್ಟಿಯೊಂದನ್ನು ಜೊತೆಗಿಟ್ಟುಕೊಳ್ಳಿ. ಅಲ್ಲಿನ ಹಕ್ಕಿ ತಿಳಿದವರು ಅನೇಕರು ರಷ್ಯನ್ ಮಾತಾಡುತ್ತಾರೆ, ಇಂಗ್ಲಿಷ್ ಹೆಸರು ಅವರಿಗೆ ಗೊತ್ತಿರುವುದಿಲ್ಲ, ವೈಜ್ಞಾನಿಕ ಹೆಸರು ತೋರಿಸಿದರೆ ತಕ್ಷಣ ಗೊತ್ತಾಗುತ್ತದೆ. ಕುರಿ ಕಾಯುವವರನ್ನು ಕೇಳಲು ನಾಲ್ಕು ಕಿರ್ಗಿಜ್ ಮಾತು ಕಲಿತುಕೊಳ್ಳಿ: ಬೆಟ್ಟದ ಕೋಳಿ ಸ್ನೋಕಾಕ್‌ಗೆ ಉಲಾರ್, ಚುಕಾರ್ ಕೌಜುಗಕ್ಕೆ ಕೆಕಿಲಿಕ್, ಗೋಲ್ಡನ್ ಈಗಲ್‌ಗೆ ಬುರ್ಕುತ್, ಹಿಮಾಲಯದ ರಣಹದ್ದಿಗೆ ಕುಮಾಯ್. ಈ ಹೆಸರು ಹೇಳಿ ಬೆಟ್ಟದ ಕಡೆ ಕೈ ತೋರಿಸಿದರೆ ಸಾಕು, ಯಾವ ಇಳಿಜಾರು ಅನ್ನುವುದನ್ನು ಅವರೇ ತೋರಿಸುತ್ತಾರೆ.

4. ಮೊದಲ ದಿನ ಕೆಳಗೇ ಇರಿ

ವಿಮಾನ ಇಳಿದ ತಕ್ಷಣ ಬೆಟ್ಟಕ್ಕೆ ಓಡಬೇಡಿ. ಬಿಷ್ಕೆಕ್ ಮತ್ತು ಸುತ್ತಲಿನ ಚುಯ್ ಬಯಲಿನಲ್ಲಿ ಒಂದು ದಿನ ಕಳೆಯಿರಿ. ನಗರದ ಉದ್ಯಾನಗಳಲ್ಲಿ ಗೊರವಂಕ ಧಾರಾಳವಾಗಿವೆ. ಕಳೆದ ನೂರು ವರ್ಷದಲ್ಲಿ ಅವು ಮಧ್ಯ ಏಷ್ಯಾದಲ್ಲಿ ಉತ್ತರಕ್ಕೆ ಹರಡುತ್ತಾ ಬಂದಿವೆ. ಜೊತೆಗೆ ಕಪ್ಪು ಬಿಳುಪು ಮ್ಯಾಗ್‌ಪೈ, ಕಪ್ಪು ಮೈ ಹಳದಿ ಕೊಕ್ಕಿನ ಬ್ಲ್ಯಾಕ್‌ಬರ್ಡ್, ಮರದ ತುದಿಯಲ್ಲಿ ಗುಂಪಾಗಿ ಗೂಡು ಕಟ್ಟುವ ರೂಕ್ ಕಾಗೆ ಕಾಣುತ್ತವೆ.

ನಗರದಾಚೆ ಹೊಲ, ಪಾಪ್ಲರ್ ಸಾಲು, ಕಾಲುವೆ ಇರುವ ಕಡೆ ನಿಧಾನವಾಗಿ ನಡೆಯಿರಿ. ಯುರೋಪಿಯನ್ ರೋಲರ್ ನಮ್ಮ ನೀಲಕಂಠದ ಹತ್ತಿರದ ನೆಂಟ. ಯುರೋಪಿಯನ್ ಕಳ್ಳಿಪೀರಗಳು ತಂತಿ ಮೇಲೆ ಸಾಲಾಗಿರುತ್ತವೆ. ಚಂದ್ರಮುಕುಟವಂತೂ ಇದ್ದೇ ಇರುತ್ತದೆ. ಪೊದೆಯ ತುದಿಯಲ್ಲಿ ಕೆಂಗಂದು ತಲೆ, ಹಳದಿ ಹೊಟ್ಟೆಯ ಹಕ್ಕಿ ಒಂದೇ ಸಾಲನ್ನು ಮತ್ತೆ ಮತ್ತೆ ಹಾಡುತ್ತಿದ್ದರೆ ಅದು ರೆಡ್-ಹೆಡೆಡ್ ಬಂಟಿಂಗ್. ಚಳಿಗಾಲದಲ್ಲಿ ಉತ್ತರ ಕರ್ನಾಟಕದ ಜೋಳದ ಹೊಲಕ್ಕೆ ಗುಂಪಾಗಿ ಇಳಿಯುವುದು ಇದೇ ಹಕ್ಕಿ. ಕಲ್ಲುಗುಡ್ಡಗಳ ಕಡೆ ಮಿಡತೆ ಜಾಸ್ತಿಯಾದ ವರ್ಷ ಗೊರವಂಕದ ನೆಂಟ, ಗುಲಾಬಿ ಮೈಯ ರೋಜಿ ಸ್ಟಾರ್ಲಿಂಗ್‌ಗಳು ಸಾವಿರಗಟ್ಟಲೆ ಬಂದು ಕಲ್ಲುಸಂದಿಯಲ್ಲಿ ಗೂಡು ಮಾಡುತ್ತವೆ. ಈ ವರ್ಷ ಇದ್ದ ಜಾಗದಲ್ಲಿ ಮುಂದಿನ ವರ್ಷ ಒಂದೂ ಇಲ್ಲದಿರಬಹುದು, ಆದ್ದರಿಂದ ಹಳೆಯ ವರದಿ ನಂಬಿ ಅದಕ್ಕೆಂದೇ ದೂರ ಹೋಗಬೇಡಿ.

ಓಶ್‌ನಲ್ಲಿರುವವರಿಗೆ ಇನ್ನೊಂದು ಮಾತು. ದಕ್ಷಿಣದ ಹೊಳೆಯಂಚಿನ ತೋಪುಗಳಲ್ಲಿ ಬೇಸಗೆಯಲ್ಲಿ ನಮ್ಮ ರಾಜಹಕ್ಕಿ, ಅದೇ ಉದ್ದ ಬಾಲದ ಪ್ಯಾರಡೈಸ್ ಫ್ಲೈಕ್ಯಾಚರ್, ಮರಿ ಮಾಡುತ್ತದೆ. ಅರ್ಸ್ಲಾನ್‌ಬಾಬ್‌ನ ಅಕ್ರೋಟು ಕಾಡು, ಸಾರಿ-ಚೆಲೆಕ್ ಸರೋವರ ನಿಮಗೆ ಉತ್ತರದವರಿಗಿಂತ ಹತ್ತಿರ.

5. ಅಲಾ-ಅರ್ಚಾಕ್ಕೆ ಎರಡು ಬೆಳಗು ಕೊಡಿ

ಒಂದೇ ಜಾಗ ನೋಡಲು ಸಾಧ್ಯ ಅಂದರೆ ಇದನ್ನೇ ನೋಡಿ. 1976ರಲ್ಲಿ ರಾಷ್ಟ್ರೀಯ ಉದ್ಯಾನವಾದ ಕಣಿವೆ ಇದು, ಬಿಷ್ಕೆಕ್‌ನಿಂದ ದಕ್ಷಿಣಕ್ಕೆ 40 ಕಿಲೋಮೀಟರ್ ಸುಮಾರು. ಟ್ಯಾಕ್ಸಿಯಲ್ಲಿ ಹೋಗಬಹುದು. ಮರ್ಶ್ರುತ್ಕಾ, ಅಂದರೆ ಅಲ್ಲಿನ ಮಿನಿ ಬಸ್, ಹತ್ತಿರದವರೆಗೆ ಹೋಗುತ್ತದೆ, ಆದರೆ ಬೆಳಗಿನ ಜಾವಕ್ಕೆ ಅದನ್ನು ನಂಬಬೇಡಿ. ಉದ್ಯಾನದೊಳಗೆ ಯಾವ ವಾಹನ ಬಿಡುತ್ತಾರೆ ಅನ್ನುವುದನ್ನು ಹಿಂದಿನ ದಿನವೇ ಕೇಳಿಕೊಳ್ಳಿ. ಶನಿವಾರ ಭಾನುವಾರ ಪಿಕ್ನಿಕ್ ಜನ ತುಂಬಿರುತ್ತಾರೆ, ವಾರದ ನಡುವೆ ಹೋಗಿ. ರಾತ್ರಿ ಅಲ್ಲೇ ಹತ್ತಿರ ಉಳಿದರೆ ಇನ್ನೂ ಒಳ್ಳೆಯದು.

ಮೊದಲ ಬೆಳಗು ಹೊಳೆಗೆ. ಹಿಮ ಕರಗಿದ ನೀರು ಬೂದು ಬಣ್ಣಕ್ಕೆ ತಿರುಗಿ ಕಲ್ಲುಗಳ ಮೇಲೆ ಭೋರ್ಗರೆಯುತ್ತಿರುತ್ತದೆ. ಆ ಸದ್ದಿನಲ್ಲಿ ಬೇರೆ ಏನೂ ಕೇಳಿಸುವುದಿಲ್ಲ, ಕಣ್ಣಿಂದಲೇ ಹುಡುಕಬೇಕು. ನೀರಿನ ನಡುವಿನ ಕಲ್ಲುಗಳ ಮೇಲೆ ಬಿಳಿ ಹಿಕ್ಕೆಯ ಕಲೆ ಇದೆಯಾ ನೋಡಿ. ಇದ್ದರೆ ಅಲ್ಲೇ ಸ್ವಲ್ಪ ದೂರದಲ್ಲಿ ಕೂತುಬಿಡಿ. ಅದು ಡಿಪ್ಪರ್‌ನ ಕಲ್ಲು. ದುಂಡಗಿನ, ಮೋಟು ಬಾಲದ ಹಕ್ಕಿ ನೀರಿಗೆ ತಾಗಿದಂತೆ ನೇರ ಹಾರಿ ಬಂದು ಕಲ್ಲಿನ ಮೇಲೆ ಇಳಿಯುತ್ತದೆ, ಇಳಿದ ಕೂಡಲೇ ಬಸ್ಕಿ ಹೊಡೆದಂತೆ ಮೈ ಮೇಲೆ ಕೆಳಗೆ ಆಡಿಸುತ್ತದೆ, ಕಣ್ಣು ಮಿಟುಕಿಸಿದಾಗ ರೆಪ್ಪೆ ಬೆಳ್ಳಗೆ ಮಿಂಚುತ್ತದೆ. ಆಮೇಲೆ ಆ ರಭಸದ ನೀರಿಗೆ ಸೀದಾ ಇಳಿದು ಮುಳುಗಿಬಿಡುತ್ತದೆ. ರೆಕ್ಕೆ ಬಡಿಯುತ್ತಾ, ತಳದ ಕಲ್ಲು ಹಿಡಿಯುತ್ತಾ ನೀರೊಳಗೇ ಹುಳು ಹುಡುಕುತ್ತದೆ. ಕೆಲವು ಸೆಕೆಂಡ್ ಬಿಟ್ಟು ಮೇಲೆದ್ದಾಗ ಕೊಕ್ಕಿನಲ್ಲಿ ಹುಳು, ಮೈ ಮಾತ್ರ ಒಣಗಿದಂತೆಯೇ ಇರುತ್ತದೆ. ಇಲ್ಲಿ ಎರಡು ಜಾತಿ ಇವೆ. ಮೈಯೆಲ್ಲ ಕಂದು ಇದ್ದರೆ ಬ್ರೌನ್ ಡಿಪ್ಪರ್, ಎದೆ ಬೆಳ್ಳಗಿದ್ದರೆ ವೈಟ್-ಥ್ರೋಟೆಡ್ ಡಿಪ್ಪರ್. ಎರಡನೆಯದು ಇನ್ನೂ ಮೇಲಿನ ತಣ್ಣನೆಯ ತೊರೆಗಳಿಗೂ ಏರುತ್ತದೆ.

ಅದೇ ಹೊಳೆಯಲ್ಲಿ ಕಡುನೀಲಿ ಮೈ, ಹಳದಿ ಕೊಕ್ಕಿನ ಬ್ಲೂ ವಿಸಿಲಿಂಗ್ ಥ್ರಷ್ ಸಿಗುತ್ತದೆ. ಮಲೆನಾಡಿನ ಹಳ್ಳದಲ್ಲಿ ಸಿಳ್ಳೆ ಹಾಕುವ ಸಿಳ್ಳಾರನ ಸೋದರ ಜಾತಿ. ನಮ್ಮದರ ಹಾಡು ಕೇಳಿದವರಿಗೆ ಇದರ ಹಾಡು ಸ್ವಲ್ಪ ಒರಟು ಅನ್ನಿಸಬಹುದು, ಆದರೆ ಹೊಳೆಯ ಸದ್ದನ್ನು ಸೀಳಿಕೊಂಡು ಬರುತ್ತದೆ.

ಎರಡನೇ ಬೆಳಗು ಕಾಡಿಗೆ. ಇಲ್ಲಿನ ಸ್ಪ್ರೂಸ್ ಕಂಬದಂತೆ ನೆಟ್ಟಗೆ ಬೆಳೆಯುವ ಸೂಚಿಪರ್ಣಿ ಮರ. ಒಟ್ಟಾಗಿ ಓಡಾಡುವ ಸಣ್ಣ ಹಕ್ಕಿಗಳ ಹಿಂಡಿನಲ್ಲಿ ಕೋಲ್ ಟಿಟ್, ಸೊಂಗಾರ್ ಟಿಟ್, ಗೋಲ್ಡ್‌ಕ್ರೆಸ್ಟ್ ಇರುತ್ತವೆ. ಒಂದು ಕಂಡರೆ ಅಲ್ಲೇ ನಿಲ್ಲಿ, ಉಳಿದವು ಹಿಂದೆ ಬರುತ್ತವೆ. ಗ್ರೀನಿಶ್ ವಾರ್ಬ್ಲರ್ ಎನ್ನುವ ಹಸಿರು ಉಲಿಯಕ್ಕಿ ಇಲ್ಲಿ ಗಂಟಲು ಬಿಟ್ಟು ಹಾಡುತ್ತದೆ. ಚಳಿಗಾಲದಲ್ಲಿ ಬೆಂಗಳೂರಿನ ಮರಗಳಲ್ಲಿ, ಪಶ್ಚಿಮ ಘಟ್ಟದಲ್ಲಿ ಬರೀ "ಟಿಸ್ಲಿ" ಅಂದು ಓಡಾಡುವ ಹಕ್ಕಿ ಅದೇ, ಇಲ್ಲಿ ಅದರ ಪೂರ್ತಿ ಹಾಡು ಕೇಳಬಹುದು. ಬಂಡೆ, ಮುಳ್ಳುಪೊದೆ ಇರುವ ಇಳಿಜಾರಿಗೆ ಬಂದರೆ ಸಲ್ಫರ್-ಬೆಲ್ಲೀಡ್ ವಾರ್ಬ್ಲರ್ ಹುಡುಕಿ. ಚಳಿಗಾಲದಲ್ಲಿ ನಮ್ಮ ಬಯಲುಸೀಮೆಯ ಬಂಡೆಗುಡ್ಡಗಳಲ್ಲಿ ಕಲ್ಲಿನ ಮೇಲೆ ಇಲಿಯಂತೆ ಹರಿದಾಡುವುದು ಇದೇ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು: ಎಲ್ಲರೂ ಜಲಪಾತದ ದಾರಿ ಹಿಡಿದು ಮೇಲೆ ಹತ್ತುತ್ತಲೇ ಇರುತ್ತಾರೆ. ಬೆಳಗಿನ ಮೊದಲ ಮೂರು ಗಂಟೆ ವಾಹನ ನಿಲ್ಲುವ ಜಾಗದ ಸುತ್ತಮುತ್ತಲೇ ಇರಿ. ಹೊಳೆ, ಕಾಡು, ಪೊದೆ ಮೂರೂ ಅಲ್ಲಿ ಸೇರುತ್ತವೆ, ಹಕ್ಕಿ ಅಲ್ಲೇ ಜಾಸ್ತಿ.

6. ಮೇಲಿನ ಪದರ: ಅರ್ಚಾ, ಬಂಡೆ, ಹಿಮ

ಸ್ಪ್ರೂಸ್ ಮುಗಿದ ಮೇಲೆ ನೆಲಕ್ಕೆ ಹಬ್ಬಿಕೊಂಡ ಜೂನಿಪರ್ ಪೊದೆ ಶುರುವಾಗುತ್ತದೆ. ಅಲ್ಲಿಯ ಜನ ಅದನ್ನು ಅರ್ಚಾ ಎನ್ನುತ್ತಾರೆ. ಇಡೀ ದೇಶದಲ್ಲಿ ನನಗೆ ಹೆಚ್ಚು ಇಷ್ಟವಾದ ಪದರ ಇದು. ಬೆಳಕು ಹರಿಯುವಾಗ ಪೊದೆಯ ತುದಿಯಲ್ಲಿ ಕೂತು ಹಾಡುವ ಕಪ್ಪು ಎದೆ, ಮಾಣಿಕ್ಯ ಕೆಂಪು ಗಂಟಲಿನ ಹಕ್ಕಿ ಹಿಮಾಲಯನ್ ರೂಬಿಥ್ರೋಟ್. ಪೊದೆಯೊಳಗೆ ಹೊಕ್ಕು ಹೊರಡುವ, ಹೆಬ್ಬೆರಳಿನಷ್ಟು ಸಣ್ಣ, ನೇರಳೆ ನೀಲಿ ಮಿಶ್ರಣದ ಹಕ್ಕಿ ವೈಟ್-ಬ್ರೌಡ್ ಟಿಟ್-ವಾರ್ಬ್ಲರ್. ಅದು ಒಂದು ಕಡೆ ನಿಲ್ಲುವುದೇ ಇಲ್ಲ. ಹಿಂದೆ ಓಡಬೇಡಿ. ಪೊದೆಯಿಂದ ಹತ್ತು ಹೆಜ್ಜೆ ದೂರ ನಿಂತು ಅದರ ಹೊರಗಿನ ಅಂಚನ್ನು ಮಾತ್ರ ನೋಡುತ್ತಿರಿ. ಅರ್ಚಾ ಕಾಯಿ ಒಡೆಯುವ ದಪ್ಪ ಕೊಕ್ಕಿನ ವೈಟ್-ವಿಂಗ್ಡ್ ಗ್ರೋಸ್‌ಬೀಕ್, ಹಣೆಯಲ್ಲಿ ಕೆಂಪು ಬೊಟ್ಟಿರುವ ರೆಡ್-ಫ್ರಂಟೆಡ್ ಸೆರಿನ್ ಕೂಡ ಇಲ್ಲೇ.

ಈಗ ಉಲಾರ್, ಅಂದರೆ ಹಿಮಾಲಯನ್ ಸ್ನೋಕಾಕ್. ಹೆಬ್ಬಾತಿನಷ್ಟು ದಪ್ಪದ, ಬೂದು ಬಣ್ಣದ ಬೆಟ್ಟದ ಕೋಳಿ. ಎಲ್ಲರೂ ಕೇಳುವ ಹಕ್ಕಿ ಇದೇ, ಎಲ್ಲರಿಗೂ ತಪ್ಪಿಹೋಗುವುದೂ ಇದೇ. ವಿಧಾನ ಹೀಗೆ. ಸೂರ್ಯ ಹುಟ್ಟುವ ಮುಂಚೆ ಬಂಡೆ ಮತ್ತು ಹುಲ್ಲು ಬೆರೆತ ಇಳಿಜಾರು ಎದುರಿಗೆ ಕಾಣುವ ಜಾಗದಲ್ಲಿ ಕೂರಬೇಕು. ಮೊದಲು ಕಿವಿಗೆ ಬೀಳುತ್ತದೆ, ಏರುತ್ತಾ ಹೋಗುವ ಉದ್ದ ಸಿಳ್ಳೆ, ಕಣಿವೆಯೆಲ್ಲ ತುಂಬುವಂತೆ. ಸದ್ದು ಬಂದ ದಿಕ್ಕಿನ ಬೆಟ್ಟದ ಅಂಚನ್ನು, ಆಕಾಶಕ್ಕೆ ತಾಗುವ ಗೆರೆಯನ್ನು, ಎಡದಿಂದ ಬಲಕ್ಕೆ ನಿಧಾನ ನೋಡಿ. ಆಮೇಲೆ ಒಂದು ಪಟ್ಟಿ ಕೆಳಗೆ, ಮತ್ತೆ ಬಲದಿಂದ ಎಡಕ್ಕೆ. ಕಲ್ಲು ಅಂದುಕೊಂಡದ್ದು ನಡೆಯಲು ಶುರುಮಾಡಿದರೆ ಅದೇ ಉಲಾರ್. ದಿನದಲ್ಲಿ ಅದು ಮೇಯುತ್ತಾ ಮೇಲಕ್ಕೆ ನಡೆಯುತ್ತದೆ, ಗಾಬರಿಯಾದರೆ ಕೆಳಕ್ಕೆ ಜಾರುತ್ತಾ ಹಾರುತ್ತದೆ. ಹಾಗಾಗಿ ಕೆಳಗಿನಿಂದ ಹತ್ತಿಕೊಂಡು ಅಟ್ಟಿದರೆ ಸಿಗುವುದಿಲ್ಲ, ಅದು ನಿಮಗಿಂತ ಸುಲಭವಾಗಿ ಹತ್ತುತ್ತದೆ. ಬಿಸಿಲೇರಿದ ಮೇಲೆ ಸದ್ದು ನಿಲ್ಲುತ್ತದೆ, ಆಮೇಲೆ ಹುಡುಕುವುದು ಬಹಳ ಕಷ್ಟ.

ಹತ್ತು ಗಂಟೆಯ ನಂತರ ಬಂಡೆ ಕಾದು ಗಾಳಿ ಮೇಲೇಳುತ್ತದೆ. ಆಗ ತಲೆ ಎತ್ತಿ. ದೊಡ್ಡ ಹಕ್ಕಿಗಳ ಗುರುತು ಗೊಂದಲ ಎಂದು ತುಂಬಾ ಜನ ಬರೆಯುತ್ತಾರೆ. ಬಣ್ಣ ಬಿಟ್ಟು ಆಕಾರ ನೋಡಿ:

ಬಾಲ ಉದ್ದವಾಗಿ, ತುದಿ ಚೂಪಾದ ಬೆಣೆಯಂತಿದ್ದರೆ ಗಡ್ಡದ ರಣಹದ್ದು. ರೆಕ್ಕೆಯೂ ತುದಿಯಲ್ಲಿ ಕಿರಿದು. ಮೂಳೆಯನ್ನು ಎತ್ತರದಿಂದ ಬಂಡೆ ಮೇಲೆ ಹಾಕಿ ಒಡೆದು ತಿನ್ನುವುದು ಇದೇ. ಬಾಲ ಮೋಟು, ಮೈ ತಿಳಿ ಕೆನೆಬಣ್ಣ, ರೆಕ್ಕೆಯ ಹಿಂದಿನ ಅರ್ಧ ಕಪ್ಪು ಅಂದರೆ ಹಿಮಾಲಯನ್ ಗ್ರಿಫನ್, ಮೇಲೆ ಹೇಳಿದ ಕುಮಾಯ್. ಪೂರ್ತಿ ಕಪ್ಪಾಗಿ, ಹಲಗೆಯಂತೆ ಚಪ್ಪಟೆ ರೆಕ್ಕೆ ಹಿಡಿದು ತೇಲಿದರೆ ಸಿನೇರಿಯಸ್ ರಣಹದ್ದು. ರೆಕ್ಕೆಯನ್ನು ಸ್ವಲ್ಪ ಮೇಲಕ್ಕೆತ್ತಿ ಇಂಗ್ಲಿಷಿನ ವಿ ಅಕ್ಷರದಂತೆ ಹಿಡಿದರೆ ಗೋಲ್ಡನ್ ಈಗಲ್. ಗುಂಪಾಗಿ ಗಿರಕಿ ಹೊಡೆಯುವ ಕಾಗೆಯಂಥ ಹಕ್ಕಿಗಳು ಚಫ್. ಕೊಕ್ಕು ಕೆಂಪೋ ಹಳದಿಯೋ ನೋಡಿಕೊಳ್ಳಿ, ಎರಡೂ ಜಾತಿ ಇವೆ.

ಎಚ್ಚರಿಕೆಗಳು, ಇವನ್ನು ದಯವಿಟ್ಟು ಓದಿ. ಒಂದೇ ದಿನದಲ್ಲಿ 800 ಮೀಟರ್‌ನಿಂದ 3,000 ಮೀಟರ್ ಮೇಲೇರಿ ಅಲ್ಲೇ ಮಲಗಿದರೆ ಎತ್ತರದ ಕಾಯಿಲೆ ಬರಬಹುದು. ಗಾಳಿಯಲ್ಲಿ ಆಮ್ಲಜನಕ ತೆಳುವಾಗಿ ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಶುರುವಾಗುತ್ತದೆ. ನಡುವೆ 1,600 ರಿಂದ 2,200 ಮೀಟರ್ ಸುತ್ತ ಒಂದೆರಡು ರಾತ್ರಿ ಉಳಿಯಿರಿ. ತಲೆನೋವು ಜಾಸ್ತಿಯಾಗುತ್ತಾ ಹೋದರೆ, ನಡಿಗೆ ತಡವರಿಸಿದರೆ, ಕೂತಲ್ಲೇ ಏದುಸಿರು ಬಂದರೆ ರಾತ್ರಿಯಾದರೂ ಸರಿ ಕೆಳಗಿಳಿಯಬೇಕು. ಬಿಪಿ, ಹೃದಯದ ತೊಂದರೆ ಇರುವ ಅಪ್ಪ ಅಮ್ಮಂದಿರನ್ನು ಕರೆದೊಯ್ಯುವವರು ಹೊರಡುವ ಮುಂಚೆಯೇ ಡಾಕ್ಟರ್ ಹತ್ತಿರ ಮಾತಾಡಿ.

ಹಿಮದ ಹೊಳೆಗಳು ಬೆಳಿಗ್ಗೆ ಮೊಣಕಾಲಷ್ಟಿದ್ದು ಮಧ್ಯಾಹ್ನ ಸೊಂಟಕ್ಕೆ ಬರುತ್ತವೆ, ಬಿಸಿಲಿಗೆ ಮೇಲೆ ಹಿಮ ಕರಗುತ್ತದಲ್ಲ. ಬೆಳಿಗ್ಗೆ ದಾಟಿದ ಹೊಳೆಯನ್ನು ಸಂಜೆ ದಾಟಬಹುದು ಅಂದುಕೊಳ್ಳಬೇಡಿ. ಇನ್ನು ಕುರಿ ಕಾಯುವ ನಾಯಿಗಳು ಭಾರಿ ಗಾತ್ರದವು, ಮಂದೆಯ ಹತ್ತಿರ ಯಾರನ್ನೂ ಬಿಡುವುದಿಲ್ಲ. ಮಂದೆಯನ್ನು ದೂರದಿಂದ ಬಳಸಿ ಹೋಗಿ. ನಾಯಿ ಬಂದರೆ ಓಡಬೇಡಿ, ನಿಂತು ಕುರುಬನನ್ನು ಕೂಗಿ.

7. ಎರಡು ಸರೋವರ, ಎರಡು ಕಾಲ

ಸೋನ್-ಕುಲ್ ಬೇಸಗೆಗೆ. 3,016 ಮೀಟರ್ ಎತ್ತರದಲ್ಲಿ ಮರವೇ ಇಲ್ಲದ ಹುಲ್ಲುಗಾವಲಿನ ನಡುವೆ ಇದೆ. ಕೊಚ್ಕೋರ್ ಊರಿನಲ್ಲಿ ಒಂದು ರಾತ್ರಿ ಉಳಿದು ಮೇಲೆ ಹೋಗಿ, ಮೈಗೂ ಒಳ್ಳೆಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದನಗಾಹಿ ಕುಟುಂಬಗಳು ಜೈಲೂಗೆ, ಅಂದರೆ ಬೇಸಗೆ ಹುಲ್ಲುಗಾವಲಿಗೆ, ಬಂದು ಯುರ್ಟ್ ಹಾಕುತ್ತವೆ. ಉಣ್ಣೆ ಹೊದಿಕೆಯ ಆ ದುಂಡು ಡೇರೆಗಳಲ್ಲೇ ಉಳಿಯಬಹುದು. ಜೌಗು ಇರುವ ದಂಡೆ ಕೇಳಿಕೊಂಡು ಅದರ ಹತ್ತಿರದ ಯುರ್ಟ್ ಹಿಡಿಯಿರಿ. ಕಲ್ಲಿನ ದಂಡೆಯಲ್ಲಿ ಹಕ್ಕಿ ಕಡಿಮೆ.

ಇಲ್ಲಿ ಚಕ್ರವಾಕ ಜೋಡಿಗಳು ನೆಲದ ಬಿಲಗಳಲ್ಲಿ ಮೊಟ್ಟೆ ಇಡುತ್ತವೆ. ಹಳದಿ ತಲೆಯ ಸಿಟ್ರಿನ್ ಕುಂಡೆಕುಸ್ಕ ಜೌಗಿನಲ್ಲಿ, ಕೊಂಬಿನಂಥ ಕಪ್ಪು ಗರಿಯ ಹಾರ್ನ್ಡ್ ಲಾರ್ಕ್ ಒಣ ನೆಲದಲ್ಲಿ. ಪಟ್ಟೆತಲೆ ಹೆಬ್ಬಾತು ಈ ಎತ್ತರದ ಸರೋವರಗಳ ಹಕ್ಕಿ. ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ಚಳಿಗಾಲ ಕಳೆಯುವ ಅದೇ ಜಾತಿ. "ಹಾಗಾದರೆ ಇವೇ ಮಾಗಡಿಗೆ ಬರುತ್ತವಾ?" ಎಂದು ಕೇಳುತ್ತಾರೆ. ಕರ್ನಾಟಕದಲ್ಲಿ ಕಂಡ ಕುತ್ತಿಗೆ ಪಟ್ಟಿ ಹಾಕಿದ ಹೆಬ್ಬಾತುಗಳು ಮಂಗೋಲಿಯಾದಲ್ಲಿ ಗುರುತು ಹಾಕಿಸಿಕೊಂಡವು, ಆದ್ದರಿಂದ ಹಾಗೆ ಹೇಳಿಬಿಡಬೇಡಿ. ಕುತ್ತಿಗೆ ಪಟ್ಟಿ ಕಂಡರೆ ಮಾತ್ರ ಬಣ್ಣ ಮತ್ತು ಅಕ್ಷರ ಬರೆದುಕೊಳ್ಳಿ, ಫೋಟೋ ತೆಗೆಯಿರಿ.

ಇಸ್ಸಿಕ್-ಕುಲ್ ಚಳಿಗಾಲಕ್ಕೆ. 1,607 ಮೀಟರ್ ಎತ್ತರ, 668 ಮೀಟರ್ ಆಳ. ಸ್ವಲ್ಪ ಉಪ್ಪಿನಂಶ ಇರುವ, ಬಹಳ ಆಳದ ನೀರು, ಹಾಗಾಗಿ ಚಳಿಗಾಲದಲ್ಲೂ ಹೆಪ್ಪುಗಟ್ಟುವುದಿಲ್ಲ. ಸುತ್ತಲಿನ ಕೆರೆಗಳೆಲ್ಲ ಗಟ್ಟಿಯಾದಾಗ ಬಾತುಗಳು, ಕೂಟ್ ಎಂಬ ನೀರುಕೋಳಿಗಳು, ಹಂಸಗಳು ಇಲ್ಲಿ ಸೇರುತ್ತವೆ. 1976ರಿಂದಲೇ ಇದು ರಾಮ್ಸಾರ್ ಪಟ್ಟಿಯಲ್ಲಿದೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ತಾಣ. ಅಲ್ಲೇ ಓದುತ್ತಿರುವ ವಿದ್ಯಾರ್ಥಿಗಳಿಗೆ ಇದು ಹೇಳಿಮಾಡಿಸಿದ ಜಾಗ, ಬಿಷ್ಕೆಕ್‌ನಿಂದ ಸರೋವರದ ಪಶ್ಚಿಮ ತುದಿಯ ಬಾಲಿಕ್ಚಿಗೆ ಮರ್ಶ್ರುತ್ಕಾ ಸಿಗುತ್ತದೆ. ಬರೀ ನೀರನ್ನು ನೋಡಿ ಬರಬೇಡಿ. ದಂಡೆಯ ಸೀ ಬಕ್‌ಥಾರ್ನ್ ಮುಳ್ಳುಪೊದೆಗಳಲ್ಲಿ ಕಿತ್ತಳೆ ಹಣ್ಣು ಜೋತಿರುತ್ತವೆ. ಅದನ್ನು ತಿನ್ನಲು ಬೇಸಗೆಯಲ್ಲಿ ಹಿಮದಂಚಿನಲ್ಲಿ ಇರುವ ಗುಲ್ಡನ್‌ಸ್ಟಾಟ್ ರೆಡ್‌ಸ್ಟಾರ್ಟ್ ಕೆಳಗಿಳಿದು ಬರುತ್ತದೆ, ಬಿಳಿ ನೆತ್ತಿ, ಕಪ್ಪು ಬೆನ್ನು, ಇಟ್ಟಿಗೆ ಕೆಂಪು ಹೊಟ್ಟೆ. ಬೇಸಗೆಯಲ್ಲಿ ಅದಕ್ಕಾಗಿ 3,500 ಮೀಟರ್ ಎತ್ತರಕ್ಕೆ ಹತ್ತಬೇಕು.

8. ಇವು ಮಾಡಬೇಡಿ

ಇಸ್ಸಿಕ್-ಕುಲ್ ದಂಡೆಯಲ್ಲಿ, ಪ್ರವಾಸಿಗರು ಸೇರುವ ಕಡೆಗಳಲ್ಲಿ, ಕಾಲಿಗೆ ಹಗ್ಗ ಕಟ್ಟಿದ ಹದ್ದು, ಫಾಲ್ಕನ್‌ಗಳನ್ನು ಹಿಡಿದು ಫೋಟೋಗೆ ಕರೆಯುತ್ತಾರೆ. ದಿನವೆಲ್ಲ ಬಿಸಿಲಿನಲ್ಲಿ ಕೈಯಿಂದ ಕೈಗೆ ಹೋಗುವ ಹಕ್ಕಿಗಳು ಅವು. ದುಡ್ಡು ಕೊಡಬೇಡಿ. ಹದ್ದು ಪಳಗಿಸಿ ಬೇಟೆಯಾಡುವುದು ಕಿರ್ಗಿಜ್ ಜನರ ಹಳೆಯ ವಿದ್ಯೆ, ಅದನ್ನು ವರ್ಷಗಟ್ಟಲೆ ಕಲಿತು ಹಕ್ಕಿಯನ್ನು ಮನೆಯವರಂತೆ ಸಾಕುವವರು ಬೇರೆ. ರಸ್ತೆ ಬದಿಯ ಫೋಟೋ ವ್ಯಾಪಾರ ಅದಲ್ಲ.

ಸೇಕರ್ ಫಾಲ್ಕನ್ ಇನ್ನೂ ಗಂಭೀರ ವಿಷಯ. ಬೇಟೆಗೆ ಪಳಗಿಸುವವರಿಗೆ ಮಾರಲು ಇದನ್ನು ಗೂಡಿನಿಂದ ಕದಿಯುತ್ತಾರೆ, ಬಲೆ ಹಾಕಿ ಹಿಡಿಯುತ್ತಾರೆ. ಜಗತ್ತಿನಲ್ಲೇ ಅಳಿವಿನಂಚಿನಲ್ಲಿರುವ ಹಕ್ಕಿಗಳ ಪಟ್ಟಿಯಲ್ಲಿ ಇದೆ. ಗೂಡು ಕಂಡರೆ ಡ್ರೈವರ್‌ಗೂ ಹೇಳಬೇಡಿ. ಫೋಟೋದೊಳಗೆ ಸ್ಥಳದ ಮಾಹಿತಿ ಉಳಿದಿರುತ್ತದೆ, ಅದನ್ನು ಅಳಿಸದೆ ಎಲ್ಲೂ ಹಾಕಬೇಡಿ.

ಹಾಡು ರೆಕಾರ್ಡ್ ಹಾಕಿ ಹಕ್ಕಿ ಕರೆಯುವ ಅಭ್ಯಾಸ ಇದ್ದರೆ ಇಲ್ಲಿ ಬಿಡಿ. ಎತ್ತರದಲ್ಲಿ ಬೇಸಗೆ ಎರಡೇ ತಿಂಗಳು. ಅಷ್ಟರಲ್ಲಿ ಗೂಡು, ಮೊಟ್ಟೆ, ಮರಿ ಎಲ್ಲ ಮುಗಿಯಬೇಕು. ಸುಳ್ಳು ಎದುರಾಳಿಯ ಜೊತೆ ಜಗಳಕ್ಕೆ ಬಂದ ಗಂಡು ಹಕ್ಕಿ ಅಷ್ಟು ಹೊತ್ತು ಮರಿಗೆ ಹುಳು ತರುವುದಿಲ್ಲ.

9. ಬರೆದಿಡಿ, ಕಳಿಸಿ

ಪ್ರತಿ ನಡಿಗೆಗೂ ಇಬರ್ಡ್ ಪಟ್ಟಿ ಮಾಡಿ: ಶುರುವಾದ ಹೊತ್ತು, ನಡೆದ ದೂರ, ಪ್ರತಿ ಜಾತಿಯ ಸಂಖ್ಯೆ, ಜೊತೆಗೆ ಎತ್ತರ. ಎತ್ತರವನ್ನು ಟಿಪ್ಪಣಿಯಲ್ಲಿ ಕೈಯಾರೆ ಬರೆಯಿರಿ. ಈ ದೇಶದಲ್ಲಿ ಹಕ್ಕಿ ದಾಖಲಿಸುವವರು ಕಡಿಮೆ, ನಿಮ್ಮ ಸಾಧಾರಣ ಗೊರವಂಕದ ಲೆಕ್ಕಕ್ಕೂ ಬೆಲೆ ಇದೆ. ಮರ್ಲಿನ್ ಸದ್ದು ಕೇಳಿ ಹೇಳಿದ ಹೆಸರನ್ನು ಕಣ್ಣಿಂದ ನೋಡದೆ ಪಟ್ಟಿಗೆ ಸೇರಿಸಬೇಡಿ. ಗುರುತು ಸಿಗದಿದ್ದರೆ "ವಾರ್ಬ್ಲರ್, ಜಾತಿ ಗೊತ್ತಿಲ್ಲ" ಎಂದೇ ಹಾಕಿ. ಅಲ್ಲೇ ಓದುತ್ತಿರುವವರು ಒಂದು ಕೆಲಸ ಮಾಡಬಹುದು. ಹಾಸ್ಟೆಲ್ ಹತ್ತಿರದ ಒಂದೇ ಉದ್ಯಾನ ಆರಿಸಿಕೊಂಡು ವಾರಕ್ಕೊಮ್ಮೆ, ಅದೇ ಹೊತ್ತಿಗೆ, ಅರ್ಧ ಗಂಟೆ ಎಣಿಸಿ. ಡಿಸೆಂಬರ್ ಜನವರಿಯಲ್ಲೂ ನಿಲ್ಲಿಸಬೇಡಿ. ಆ ಮೈನಸ್ ಚಳಿಯಲ್ಲಿ ಎಣಿಸುವವರೇ ಇರುವುದಿಲ್ಲ.